ಚೆಕ್ಕುಬಂದಿ

ಮೊದಲ ದಿನ ದಸ್ತಗೀರಣ್ಣ ಸೈಟು ತೋರಿಸಲಿಲ್ಲ.
ಪೆನ್ಷನ್ ಮೊಹಲ್ಲಾದಲ್ಲಿ, ಬೆಳಗಿನ ಜಾವ ಮೂರೂಕಾಲಿಗೆ,
ವಾಲ್ವಿನ ಪಕ್ಕ ಕುಕ್ಕರಗಾಲಲ್ಲಿ ಕೂರಿಸಿ "ಕೇಳು" ಅಂದ.
ಕೊಳಾಯಿ ಮೊದಲು ಗಾಳಿ ಕೆಮ್ಮಿತು,
ಆಮೇಲೆ ನೀರು.
"ಐದನೇ ಮನೆಗೇ ಸುಸ್ತು ಇದು.
ಆರನೇದು ಮಾರೋವಾಗ ನೀನಾಗೇ ಹೇಳ್ಬೇಕು."

ಖಾತೆ, ಇ.ಸಿ. ಎಲ್ಲ ಫೈಲಿನಲ್ಲಿತ್ತು.
ಯಾವ ತಿರುವಲ್ಲಿ ಗ್ಯಾಸ್ ಗಾಡಿ ರಿವರ್ಸೇ ಬರಬೇಕು,
ಯಾರ ಗೇಟಿನ ಮುಂದೆ ನಾಯಿ ಬಾಲ ಆಡಿಸುತ್ತೆ,
ಅದು ಅವನ ಹವಾಯಿ ಚಪ್ಪಲಿಯಲ್ಲಿತ್ತು.

ಹುಣಸಿನಕೆರೆ ಕಡೆಯ ಮೂವತ್ತು-ನಲವತ್ತು, ಪೂರ್ವದ ಬಾಗಿಲು.
ಆಲೂರಿನ ಮೇಷ್ಟ್ರು ಅಡ್ವಾನ್ಸು ಎಣಿಸಿ ಆಗಿತ್ತು.
ಮಳೆ ಬಿಟ್ಟ ರಾತ್ರಿ ಅವರನ್ನು ಟಾರ್ಚಿನಲ್ಲಿ ಕರೆದೊಯ್ದ.
ಪಕ್ಕದ ಪಾಯದಲ್ಲಿ ಕಪ್ಪೆಗಳು,
ಪಾಲು ಕೇಳಲು ಬಂದ ದಾಯಾದಿಗಳ ಹಾಗೆ.

ಮೇಷ್ಟ್ರು ಕೈಮುಗಿದರು. ದುಡ್ಡು ವಾಪಸ್ಸು.
ನನ್ನ ಪಾಲಿನ ಎಂಟು ಸಾವಿರವೂ ಹೋಯಿತು.
ಮನೆಯಲ್ಲಿ ಇನ್ನೂ ಹೇಳಿಲ್ಲ.