ಅಳತೆಕೋಲು

ಸಸ್ಕಾಚೆವಾನಿನ ಬಯಲು. ಮುಚ್ಚಿ ಮೂವತ್ತು ವರ್ಷವಾದ ಪೆಟ್ರೋಲ್ ಬಂಕು.
ಏಳನೆಯ ಬೋರು. ಮೂರು ಮೀಟರಿನ ತನಕ ಕಂದು ಜೇಡಿ,
ಆಮೇಲೆ ಬೆರಳಗಲದ ಒಂದು ಮರಳ ಪದರ, ಬೂದು.
ನಾನು ಬರೆದುಕೊಳ್ಳುವ ಮುಂಚೆ ಮೂಗಿಗೆ ಗೊತ್ತಾಗಿತ್ತು.
ಮಣ್ಣನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ,
ಲಾರಿಯ ಹೀಟರಿನ ಮುಂದೆ ಹತ್ತು ನಿಮಿಷ ಕೂರಿಸಿದೆ.
ಯಂತ್ರದ ಮುಳ್ಳು ಕೊನೆಗೆ ಬಡಿದು ಅಲ್ಲೇ ನಿಂತಿತು.

ಲೆಕ್ಕದ ಪುಸ್ತಕ ಇದ್ದರೆ ಕೊಡಿ ಎಂದು ಕೇಳಿದ್ದೆ.
ಎಂಬತ್ತೊಂಬತ್ತರ ಪಾರಾಸ್ಕಾ ಹಿಮ ತುಳಿದುಕೊಂಡು ತಂದಳು.
ದಿನಾ ಬೆಳಿಗ್ಗೆ ಗಂಡ ಟ್ಯಾಂಕಿಗೆ ಕೋಲು ಇಳಿಸುತ್ತಿದ್ದ,
ಇವಳು ಬರೆಯುತ್ತಿದ್ದಳು:
ಒಂಬತ್ತು ಲೀಟರು ಕಡಿಮೆ. ಹನ್ನೊಂದು ಕಡಿಮೆ.
ಭಾನುವಾರ, ಬಂಕಿಗೆ ಬೀಗ ಬಿದ್ದಿದ್ದ ದಿನ,
ಹತ್ತು.
ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದು ಹೆಸರು: ನೆಸ್ಟರ್.

ತಂಗಿಯ ಮಗ. ಪಂಪು ಹಿಡಿಯುತ್ತಿದ್ದ ಹದಿನೇಳರ ಹುಡುಗ.
ಕಳ್ಳ ಅಂದಾಗ
ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲವಂತೆ,
ಸೈಕಲ್ಲು ಹತ್ತಿ ಹೋದನಂತೆ.
ಮುಂದಿನ ಈಸ್ಟರಿಗೆ ಯಾರೂ ಕರೆಯಲಿಲ್ಲ.
ಅವನು ಹೋದ ಮೇಲಿನ ಪುಟ ತಿರುವಿದೆ:
ಹನ್ನೆರಡು ಕಡಿಮೆ. ಹದಿಮೂರು.
ಅಂಚು ಖಾಲಿ.

ನನ್ನ ನಕ್ಷೆಯಲ್ಲಿ ಅದೊಂದು ನಾಲಗೆ.
ಟ್ಯಾಂಕಿನ ತಳದಿಂದ ಹೊರಟು, ರಸ್ತೆ ದಾಟಿ,
ವರ್ಷಕ್ಕೆ ಎರಡು ಮೀಟರಿನಂತೆ, ಅಂತರ್ಜಲದ ಹಿಂದೆ ಹಿಂದೆ
ಇಗರ್ಜಿಯ ಅಡುಗೆಮನೆಯ ಕೆಳಗೆ ಚಾಚಿದೆ.
ಎಲ್ಲಿಯ ತನಕ ಮುಟ್ಟಿದೆ, ಎಂದಳು.
ಇನ್ನೂ ನಾಲ್ಕು ಬೋರು ಕೊರೆಯಬೇಕು, ಎಂದೆ.

ಕೈಗವಸು ಕಳಚಿ, ಕೇಳದೆಯೇ ನನ್ನ ಚೀಲದ ಗಂಟು ಬಿಚ್ಚಿ
ಮುಖ ಹತ್ತಿರ ಹಿಡಿದು ಮೂಸಿದಳು. ಬಹಳ ಹೊತ್ತು.
ಮಾದರಿ ಹಾಳಾಯಿತು. ನಾನು ಸುಮ್ಮನಿದ್ದೆ.

"ಅವನ ಅಂಗಿಯೂ ಹೀಗೇ ನಾರುತ್ತಿತ್ತು," ಎಂದಳು.
"ಅದನ್ನೇ ಸಾಕ್ಷಿ ಅಂದಿದ್ದೆ ನಾನು."