ಜವಾರಿ

ನನ್ನ ಪಾಲಿಗೆ ಬಂದದ್ದು ನಾಲ್ಕು ತಂತಿ,
ಒಂದರಲ್ಲೂ ಬೆರಳು ಓಡಿಸುವಂತಿಲ್ಲ.
ಎಂ.ಎ. ಅರ್ಥಶಾಸ್ತ್ರ, ಎರಡನೇ ಸೆಮಿಸ್ಟರ್,
ಹಾಡು ಬಾರದು, ತಾಳ ತಪ್ಪುತ್ತದೆ.
"ಹಂಗಾದ್ರ ತಂಬೂರಿ ಹಿಡಿ" ಅಂದರು ಮೇಡಂ.
ಹಿಡಿದೆ.

ಏಪ್ರಿಲ್ಲಿನ ರಾಯಚೂರು. ಸಂಜೆ ಐದಾದರೂ
ಗೋಡೆ ಮುಟ್ಟಿದರೆ ರೊಟ್ಟಿಹಂಚು.
ಯರಗೇರಾದ ಬಯಲಿನಲ್ಲಿ ನಮ್ಮ ಬ್ಲಾಕು:
ಬಾಗಿಲು ತೆರೆದರೆ ಧೂಳು,
ಫ್ಯಾನು ಹಾಕಿದರೆ ಶ್ರುತಿ ಕೇಳದು,
ಆರಿಸಿದರೆ ಬೆವರಿಗೆ ಬಿರಡೆ ಜಾರುತ್ತದೆ.
ಕಾಸಿದ ಲೋಹ ಹಿಗ್ಗುತ್ತದೆಂದು
ಏಳನೇ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆವು,
ಈಗ ಕಿವಿಪಾಠ.

ಸಿಂಧನೂರಿನ ಕ್ಯಾಂಪಿನ ಶಶಿರೇಖಾ
ಪಿಟೀಲನ್ನು ಪಾದಕ್ಕೆ ಊರಿ ತೆಲುಗಿನಲ್ಲಿ ಎಣಿಸುತ್ತಾಳೆ.
ಲಿಂಗಸುಗೂರಿನ ಶರಭಯ್ಯನ ಪಿಟೀಲು ಹಿಂದೂಸ್ತಾನಿ.
ಅವಳ ಗಮಕ ಇವನಿಗೆ ನಡುಕ,
ಇವನ ಮೀಂಡು ಅವಳಿಗೆ ಆಕಳಿಕೆ.
"ಇದು ಹಿಂದೋಳ."
"ಅಲ್ಲ ಬಿಡು, ಮಾಲಕಂಸ."
ಅವೇ ಐದು ಸ್ವರ. ಹೆಸರಿಗೆ ಮೂರು ದಿನದ ಜಗಳ,
ಮೆಸ್ಸಿನಲ್ಲಿ ಬೇರೆ ಬೇರೆ ಬೆಂಚು.
ಮಾನ್ವಿಯ ದೇವಪುತ್ರ ಸಿತಾರಿನ ಮೇಲೆ ಗದ್ದವೂರಿ
"ಕೂಸಿನ ನಾಮಕರಣ ಮುಗದ ಮ್ಯಾಲ ಎಬ್ಬಸ್ರಿ" ಎಂದು
ಕಣ್ಣು ಮುಚ್ಚಿಬಿಟ್ಟ.

ಪಂಚಮವಿಲ್ಲದ ರಾಗ ಅದು.
ಮೊದಲ ತಂತಿ ಸಡಿಲಿಸಿ ಮಧ್ಯಮಕ್ಕೆ ಇಳಿಸಿದೆ.
ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ,
ನಟ್ಟನಡುವೆ ಕೂತ ಊರಿಗೆ ಇನ್ಯಾವ ಸ್ವರ?
ಮ ಸಾ ಸಾ ಸಾ.
ತಂಬೂರಿ ಬಾಯಿ ಬಿಡಲಿಲ್ಲ. ಟೊಣ್, ಟೊಣ್,
ಸೀಮೆಎಣ್ಣೆ ಡಬ್ಬಿ ಬಡಿದ ಹಾಗೆ.

ದಿಲ್‌ರುಬಾದ ಹುಸೇನಪೀರ ನದಾಫ,
ಯಾವ ಜಗಳಕ್ಕೂ ಸೇರದವನು,
ಕುದುರೆಯ ಹತ್ತಿರ ಬಗ್ಗಿ ನೋಡಿದ.
"ಜವಾರಿ ಸತ್ತೈತಿ. ದಾರ ಎಲ್ಲಿ?"
ದಾರ! ಧೂಳು ಒರೆಸುವಾಗ ಕಸವೆಂದು
ನಾನೇ ಕಿತ್ತೆಸೆದಿದ್ದೆ.
ಹೇಳಲಿಲ್ಲ. ಇವತ್ತಿಗೂ.

ಅವನು ತನ್ನ ವಾದ್ಯದ ಗವಸು ಬಿಚ್ಚಿದ,
ಹಳೇ ಗಾದಿಯ ಅರಿವೆ. ಅಂಚಿನಿಂದ ಒಂದೆಳೆ ಕಿತ್ತ.
"ನಮ್ಮಜ್ಜಂದೂ ಒಂದ ತಂತಿ ಇತ್ತು.
ಆಳೆತ್ತರದ ಬಿಲ್ಲು, ಕುರಿಕರುಳಿನ ನರ.
ಹತ್ತಿ ಹಿಂಜಿದ್ರ ಡುಂಯ್ ಡುಂಯ್.
ಓಣಿ ಮಂದಿ ಕಿವಿ ಮುಚ್ಕೋತಿದ್ರು,
ನಾ ಅದರ ಬುಡಕ ನಿದ್ದಿ ಹೋಗ್ತಿದ್ದೆ.
ಮಷೀನು ಬಂತು. ಬಿಲ್ಲು ಅಟ್ಟದ ಮ್ಯಾಲ ಐತಿ."
ಎಳೆಯನ್ನು ತುಟಿಯಲ್ಲಿ ಒದ್ದೆ ಮಾಡಿ
ತಂತಿಗೂ ಕುದುರೆಗೂ ನಡುವೆ ಸರಿಸಿದ,
ಒಂದು ಕೂದಲು ಮುಂದೆ, ಅರ್ಧ ಕೂದಲು ಹಿಂದೆ.
"ಜವಾರಿ ಹತ್ತಿ ನೋಡು, ಹೈಬ್ರಿಡ್ ಇದಕ್ಕ ನಡಿಯಂಗಿಲ್ಲ"
ಎಂದು ನಕ್ಕ. ನಿಜವೋ ಚೇಷ್ಟೆಯೋ, ನನಗೆ ತಿಳಿಯದು.

ಮೀಟಿದೆ.
ಬಿಸಿಲಿಗೆ ಹತ್ತಿಕಾಯಿ ಬಿರಿದಂತೆ
ಒಂದೇ ತಂತಿಯೊಳಗಿಂದ ನಾಲ್ಕೈದು ಬಿಳೀ ದನಿ.
ದೇವಪುತ್ರ ಕಣ್ಣು ಬಿಟ್ಟ.
ಶಶಿರೇಖಾ, ಶರಭಯ್ಯ, ಒಬ್ಬರ ಮುಖ ಒಬ್ಬರು ನೋಡದೆ
ಬಿರಡೆ ತಿರುವಿದರು,
ಇಬ್ಬರ ಕಿವಿಯೂ ನನ್ನ ಕಡೆಗೆ.
ಮೂರು ತಿಂಗಳಲ್ಲಿ ಮೊದಲ ಸಲ
ನಾನು ಯಾರಿಗೋ ಬೇಕಾಗಿದ್ದೆ.

ಯುವಜನೋತ್ಸವದ ಅರ್ಜಿ ಬಂತು:
ಹಿಂದೂಸ್ತಾನಿ, ಕರ್ನಾಟಕ, ಒಂದಕ್ಕೆ ಮಾತ್ರ ಟಿಕ್.
ಪೆನ್ನು ನನ್ನ ಕೈಗೆ ಕೊಟ್ಟರು.
ಎರಡಕ್ಕೂ ಹಾಕಿದೆ. ಅರ್ಜಿ ತಿರುಗಿ ಬಂತು.
ಮುಖ್ಯ ಅತಿಥಿ ತಡವಾದರೆಂದು
ಕೊನೆಯ ದಿನ ಅರ್ಧ ತಾಸು ಸಿಕ್ಕಿತು,
ಕುರ್ಚಿ ಜೋಡಿಸುವವರ, ಹಾರ ಎಣಿಸುವವರ ನಡುವೆ.
ದಿಲ್‌ರುಬಾಕ್ಕೆ ಮೈಕು ಸಾಲಲಿಲ್ಲ.
"ಈಗ ನಮ್ಮ ವಿದ್ಯಾರ್ಥಿಗಳಿಂದ ರಾಗ..." ಎಂದು ನಿರೂಪಕ
ಹೆಸರಿಗಾಗಿ ನಮ್ಮತ್ತ ಕತ್ತು ಚಾಚಿದ.
ಯಾರೂ ಬಾಯಿ ಬಿಡಲಿಲ್ಲ.
ಹುಸೇನಪೀರ ಕೈ ಚಾಚಿ ದಾರವನ್ನೊಮ್ಮೆ ಸರಿ ಮಾಡಿದ.

ಮ...
ನಾನೇ ಶುರು ಮಾಡಿದೆ.