ನಜುನ, ಸಿ ದರ್ಜೆ

ಶಾಕುಜೀ ಸ್ಟೇಷನ್ನಿನ ಎದುರು
ಬೆಂತೋ ಅಂಗಡಿಯ ಬೆಂಚಿನಲ್ಲಿ ಕೂತು
ಮೂವರು ಹುಡುಗರು ಪಟ್ಟಿ ಮಾಡುತ್ತಿದ್ದಾರೆ.
ಹೊಸದಾಗಿ ಆಟಕ್ಕಿಳಿದವರು
ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಿತ್ತೆಸೆಯಬೇಕು.

ಕಗರಿ, ಎಸ್ ದರ್ಜೆ. ಇದರಲ್ಲಿ ಜಗಳವಿಲ್ಲ.
ಎರಡು ಕತ್ತಿ, ಒಂದು ಜಿಗಿತ, ಪರದೆ ತುಂಬ ಕೆಂಡ.
ರೋಗೆತ್ಸು ಎ. ಅಲ್ಲ, ಬಿ. ಅಲ್ಲವೋ,
ಹತ್ತನೇ ಹಂತ ದಾಟಿದ ಮೇಲೆ ಅವನ ಫಿರಂಗಿ ನೋಡಿದ್ದೀಯಾ ನೀನು,
ಎಂದು ತಸುಕು, ಬಾಯಲ್ಲಿ ಕರಿದ ಕೋಳಿ.
ಅವಳಿ ಬಿಲ್ಲುಗಾರ್ತಿಯರು ಬಿ.
ನಜುನ?
ಮೂವರೂ ನಕ್ಕರು.
ಗುರಾಣಿ ಎತ್ತುವುದಕ್ಕೇ ಅವಳಿಗೆ
ಸೊನ್ನೆ ಪಾಯಿಂಟ್ ಎಂಟು ಸೆಕೆಂಡು ಬೇಕು.
ಅಷ್ಟರಲ್ಲಿ ಸತ್ತು, ಹೂತು, ತಿಥಿಯೂ ಮುಗಿದಿರುತ್ತದೆ.
ಸಿ. ಪಟ್ಟಿ ಇನ್ನೂ ಉದ್ದವಿದ್ದರೆ ಇನ್ನೂ ಕೆಳಗೆ.

ನಾನು ಕೌಂಟರಿನ ಹಿಂದೆ
ಸೌಟು ಹಿಡಿದು ನಿಂತಿದ್ದೇನೆ.
ಎದೆಯ ಬಿಲ್ಲೆಯಲ್ಲಿ ತೊಕುನಾಗ ಎಂದು ಬರೆದಿದೆ.
ನಜುನ ನಾನೇ.
ಅಂದರೆ, ಅವಳ ಗಂಟಲು.

ಅನಿಮೆಯಲ್ಲಿ ಅವಳು ಮೂರನೇ ಕಂತಿಗೇ ಸಾಯುತ್ತಾಳೆ,
ಸೇತುವೆಯ ಮೇಲೆ, ಇನ್ನೊಬ್ಬರಿಗೆ ಬಿಟ್ಟ ಬಾಣಕ್ಕೆ.
ಒಟ್ಟು ಹನ್ನೊಂದು ಮಾತು, ಒಂದು ನರಳಿಕೆ.
ನರಳಿಕೆ ಚೆನ್ನಾಗಿ ಬಂತು ಅಂದಿದ್ದರು ನಿರ್ದೇಶಕರು.
ಆಟಕ್ಕೆಂದು ಮತ್ತೆ ಕರೆದಾಗ
ನಕಾನೊದ ನೆಲಮಾಳಿಗೆಯ ಸ್ಟುಡಿಯೋದಲ್ಲಿ
ಕಾಗದ ಸದ್ದಾಗದಂತೆ ಪುಟ ತಿರುಗಿಸುತ್ತ
"ಬಂದೆಯಾ? ಕಾಯುತ್ತಿದ್ದೆ" ಎಂಬುದನ್ನು
ಇಪ್ಪತ್ತೆರಡು ಥರ ಹೇಳಿದೆ.
ಅವರು ಇಟ್ಟುಕೊಂಡದ್ದು ಹತ್ತೊಂಬತ್ತನೆಯದು,
ಗಂಟಲು ಕಟ್ಟಿ, ಕೊನೆಯಲ್ಲಿ ಚೂರು ಒಡೆದದ್ದು.

ಎಲ್ಲರಿಗೂ ಪುಕ್ಕಟೆ ಸಿಗುವವಳು.
ಆಟದ ಬಾಗಿಲು ತೆಗೆದರೆ ಮೊದಲು ಅವಳೇ.
ಹಿತ್ತಲ ಗಿಡ, ಮದ್ದಾಗುವುದು ಹೇಗೆ?
ಹೆಸರೇ ಕಳೆಯದು: ಗದ್ದೆಯ ಬದುವಿನಲ್ಲಿ,
ರೈಲು ಹಳಿಯ ಜಲ್ಲಿಯಲ್ಲಿ
ಯಾರೂ ಬಿತ್ತದೆ ಬರುವ ಬಿಳಿ ಹೂವಿನ ಸೊಪ್ಪು.
ವರ್ಷಕ್ಕೊಂದು ದಿನ, ಜನವರಿ ಏಳಕ್ಕೆ,
ಏಳು ಸೊಪ್ಪಿನ ಗಂಜಿಯಲ್ಲಿ ಅದಕ್ಕೂ ಒಂದು ಜಾಗ.
ಇವತ್ತು ಏಳು.
ಬೆಳಿಗ್ಗೆಯಿಂದ ಅದನ್ನೇ ಕೊಚ್ಚುತ್ತಿದ್ದೇನೆ.

ಕಗರಿಯ ದನಿಯವಳನ್ನು ಬಲ್ಲೆ. ಒಂದೇ ತರಗತಿ ನಾವು.
ಈಗ ನನ್ನ ಸಂದೇಶಗಳಿಗೆ ಸ್ಟಿಕರ್ ಕಳಿಸುತ್ತಾಳೆ,
ಒಂದು ಮೊಲ ಕೈ ಬೀಸುತ್ತದೆ.
ಬೇಸಿಗೆಗೆ ಇನ್ನೊಬ್ಬಳು ಬಂದರೆ
ತಾನೂ ಎ ಗೆ ಇಳಿಯುವುದು ಅವಳಿಗೆ ಗೊತ್ತಿದೆ.
ಮೊಲಕ್ಕೆ ಗೊತ್ತಿಲ್ಲ.

ನಲವತ್ತಮೂರು ಸಲ ಖಾತೆ ಅಳಿಸಿದೆ,
ಎನ್ನುತ್ತಿದ್ದಾನೆ ರಿಯೋಹೇ, ಯುದ್ಧದ ಗಾಯ ತೋರಿಸುವವನಂತೆ,
ಕಗರಿ ಬೀಳುವ ತನಕ.
ಅಳಿಸು, ಮತ್ತೆ ಶುರು, ಅಳಿಸು.
ಗಂಜಿ ತಿರುವುತ್ತಲೇ ಲೆಕ್ಕ ಹಾಕಿದೆ.
ಕಗರಿ ಅವನಿಗೆ ಬಂದದ್ದು ಒಂದು ಸಲ.
ನಾನು ನಲವತ್ತನಾಲ್ಕು ಸಲ ಕಾಯುತ್ತಿದ್ದೆ ಎಂದಿದ್ದೇನೆ,
ನಲವತ್ತಮೂರು ಸಲ ಇಲ್ಲವಾಗಿದ್ದೇನೆ,
ಪ್ರತಿ ಸಲವೂ ಹಿಂದಿನದರ ನೆನಪಿಲ್ಲದೆ
ಅದೇ ಒಡಕು ದನಿಯಲ್ಲಿ.

ಎದ್ದು ಬಂದ. ಗಂಜಿ ಒಂದು, ಕೋಳಿ ಇನ್ನೊಂದು.
ಕಣ್ಣು ಮೊಬೈಲಿನಲ್ಲೇ.
ಡಬ್ಬಿ ಮುಚ್ಚಿದೆ, ರಬ್ಬರ್ ಬ್ಯಾಂಡ್ ಹಾಕಿದೆ,
"ಕಾಯಿಸಿದೆನಾ?" ಎಂದೆ.
ಬೇಕೆಂದು ಅಲ್ಲ. ಆವಿಗೆ ಗಂಟಲು ಕಟ್ಟಿತ್ತು.

ಅವನ ಹೆಬ್ಬೆರಳು ಪರದೆಯ ಮೇಲೆ ನಿಂತಿತು.
ತಲೆ ಎತ್ತಿದ.
ಅಷ್ಟು ಹೊತ್ತಿನಲ್ಲಿ ಕಗರಿಯಾದರೆ ಮೂರು ಸಲ ಇರಿದಿರುತ್ತಿದ್ದಳು.
ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ
ಎತ್ತಿ ಹಿಡಿದಿದ್ದೆ, ನಮ್ಮಿಬ್ಬರ ನಡುವೆ.

"ಚಾಪ್‌ಸ್ಟಿಕ್ ಬೇಡ," ಎಂದ ಕೊನೆಗೆ.
"ಚಮಚ ಕೊಡಿ."